ದವಡೆ ಮುರಿದವರನ್ನು ಯಾರ ಹತ್ತಿರ ಕಳಿಸಬೇಕು? ತಾಲ್ಲೂಕು ಮಟ್ಟದ ತರಬೇತಿಗೆ ಸಲಹೆ ಬೇಕಿತ್ತು

ಪ್ರಶ್ನೆ: ತರಬೇತಿ_ಟಿಪ್ಪಣಿ

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿ ಡಾಕ್ಟರು, ನರ್ಸ್‌ಗಳು, 108ರ ಸಿಬ್ಬಂದಿ, ಊರಿನಲ್ಲಿ ಕ್ಲಿನಿಕ್ ಇಟ್ಟಿರುವ ಹಲ್ಲಿನ ಡಾಕ್ಟರು, ಇಷ್ಟೂ ಜನರನ್ನು ಕೂರಿಸಿ ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆ ಬಗ್ಗೆ ಒಂದು ತರಬೇತಿ ನಡೆಸಬೇಕಿದೆ. ಕೈಯಲ್ಲಿರುವುದು ಒಂದೂವರೆ ಗಂಟೆ. ಈಗಾಗಲೇ ತಯಾರಾಗಿರುವ ಸ್ಲೈಡುಗಳಲ್ಲಿ ಅರ್ಧಕ್ಕೂ ಹೆಚ್ಚು ಭಾಗ ‘ಮ್ಯಾಕ್ಸಿಲೋಫೇಶಿಯಲ್ ಸರ್ಜನ್ ಏನೇನು ಮಾಡುತ್ತಾರೆ’ ಅನ್ನುವ ಉದ್ದನೆಯ ಪಟ್ಟಿ. ಅದನ್ನು ಓದಿ ಹೇಳಿದರೆ ಊಟದ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ.

ನನಗೆ ಬೇಕಿರುವುದು ಬೇರೆ. ಮುಖಕ್ಕೆ ಪೆಟ್ಟು ಬಿದ್ದವರು ಬಂದಾಗ ಮೂಳೆ ಡಾಕ್ಟರಿಗೋ, ಇಎನ್‌ಟಿಗೋ, ಪ್ಲಾಸ್ಟಿಕ್ ಸರ್ಜನ್‌ಗೋ, ಹಲ್ಲಿನ ಆಸ್ಪತ್ರೆಗೋ ಎಂಬ ಗೊಂದಲ ಇದ್ದೇ ಇದೆ. ಡೆಂಟಲ್ ಚೇರ್ ಇಲ್ಲ, ಇಡೀ ದವಡೆಯ ಎಕ್ಸ್‌ರೇ ತೆಗೆಯುವ ಓಪಿಜಿ ಯಂತ್ರ ಇಲ್ಲ. ಅಂಥ ಕಡೆ ಟಾರ್ಚು, ಗ್ಲೌಸು ಇಟ್ಟುಕೊಂಡು ಏನನ್ನು ಹಿಡಿಯಬಹುದು? ಯಾವುದಕ್ಕೆ ರಾತ್ರಿಯೇ ಕಳಿಸಬೇಕು, ಯಾವುದು ನಾಳೆಗೆ ಆಗುತ್ತದೆ? ಆರೋಗ್ಯ ಕಾರ್ಡು, ವಿಮೆಯ ಕಡೆ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಕೊನೆಯದಾಗಿ, ಮನೆಯವರು ಕೇಳುವ ಪ್ರಶ್ನೆ: ‘ಹಲ್ಲು ಕೀಳೋ ಡಾಕ್ಟರು ಮುಖದ ಆಪರೇಷನ್ ಮಾಡ್ತಾರಾ ಸಾರ್?’ ಇದಕ್ಕೆ ಒಂದೇ ಉಸಿರಿನಲ್ಲಿ ಹೇಳಬಹುದಾದ ಉತ್ತರ ಬೇಕು.

ಉತ್ತರ: ದವಡೆಕೀಲು

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದು ಸುಲಭ. ಮಾಡುತ್ತಾರೆ. ಐದು ವರ್ಷದ ದಂತ ಪದವಿ ಬಿಡಿಎಸ್ ಆದಮೇಲೆ ಮೂರು ವರ್ಷದ ಸ್ನಾತಕೋತ್ತರ ಎಂಡಿಎಸ್, ಇಡೀ ಮೂರು ವರ್ಷ ಇದೇ ವಿಷಯ: ಮುಖದ ಮೂಳೆ ಕೂಡಿಸುವುದು, ದವಡೆಯ ಗಡ್ಡೆ ತೆಗೆಯುವುದು, ಕುತ್ತಿಗೆಗೆ ಇಳಿದ ಕೀವು ತೆಗೆಯುವುದು. ಇಂಗ್ಲೆಂಡಿನಲ್ಲಿ ವೈದ್ಯ ಪದವಿ, ದಂತ ಪದವಿ ಎರಡೂ ಬೇಕು. ನಮ್ಮಲ್ಲಿ ದಾರಿ ಹಲ್ಲಿನ ಕಡೆಯಿಂದ ಬರುತ್ತದೆ. ಮನೆಯವರಿಗೆ ಇಷ್ಟು ಹೇಳಿ: ‘ಮುಖದ ಮೂಳೆ ಸರಿಯಾಗಿ ಕೂಡಿದೆಯೋ ಇಲ್ಲವೋ ಅಂತ ಹೇಳುವುದು ಹಲ್ಲು. ಅದಕ್ಕೇ ಹಲ್ಲು ಬಲ್ಲವರು ಮೂಳೆ ಕೂಡಿಸುತ್ತಾರೆ.’ ಸಾಕು.

ಈಗ ತರಬೇತಿಗೆ. ಪಟ್ಟಿ ಬಿಸಾಡಿ. ವಿಭಾಗದ ಹೆಸರು ನಾಲಿಗೆ ಮೇಲೆ ನಿಲ್ಲದಿದ್ದರೂ ಪರವಾಗಿಲ್ಲ, ಎರಡು ಪ್ರಶ್ನೆ ನಿಂತರೆ ಸಾಕು. ಒಂದು: ‘ಹಲ್ಲು ಮೊದಲಿನ ಹಾಗೆ ಕೂಡ್ತಿದೆಯಾ?’ ಎರಡು: ‘ಬಾಯಿ ಎಷ್ಟು ತೆರೆಯುತ್ತೆ?’ ಮುಖಕ್ಕೆ ಪೆಟ್ಟು ಬಿದ್ದ ಪ್ರತಿಯೊಬ್ಬರಿಗೂ ಈ ಎರಡನ್ನು ಕೇಳಿ ಕೇಸ್‌ಶೀಟಿನಲ್ಲಿ ಬರೆಯುವ ಅಭ್ಯಾಸ ಬಂದರೆ ತಪ್ಪಿಹೋಗುವ ಕೆಳದವಡೆ ಮುರಿತಗಳಲ್ಲಿ ಬಹುಪಾಲು ಸಿಕ್ಕಿಬೀಳುತ್ತವೆ. ಹಲ್ಲಿನ ಕೂಡಿಕೆ ಕೂದಲೆಳೆಯಷ್ಟು ಬದಲಾದರೂ ಮನುಷ್ಯನಿಗೆ ಗೊತ್ತಾಗುತ್ತದೆ, ಎಕ್ಸ್‌ರೇಗಿಂತ ಮೊದಲೇ. ಊತದಿಂದ ಹಾಗನ್ನಿಸುತ್ತಿದೆ ಅಂತ ಸಮಾಧಾನ ಹೇಳಿ ಕಳಿಸುವುದೇ ತಪ್ಪು.

ಬಾಯಿ ತೆರೆಯುವುದನ್ನು ಅಳೆಯಲು ಸ್ಕೇಲು ಬೇಕಿಲ್ಲ. ರೋಗಿಯದೇ ಮೂರು ಬೆರಳು, ತೋರುಬೆರಳಿನಿಂದ ಉಂಗುರದ ಬೆರಳಿನವರೆಗೆ, ನಿಲ್ಲಿಸಿಕೊಂಡು ಮುಂದಿನ ಹಲ್ಲುಗಳ ನಡುವೆ ಹೋಗಬೇಕು. ದೊಡ್ಡವರಲ್ಲಿ ಅದು ಸುಮಾರು 35ರಿಂದ 45 ಮಿಲಿಮೀಟರ್. ತೆರೆಯುವಾಗ ಗದ್ದ ಒಂದು ಪಕ್ಕಕ್ಕೆ ಓಡಿದರೆ ಆ ಪಕ್ಕದ ಕೀಲಿನ ಕತ್ತು, ಅಂದರೆ ಕಾಂಡೈಲ್, ಮುರಿದಿರುವ ಸಾಧ್ಯತೆ ಹೆಚ್ಚು. ಎರಡೂ ಕಡೆ ಮುರಿದಿದ್ದರೆ ಹಿಂದಿನ ಹಲ್ಲು ಮಾತ್ರ ತಾಗಿ ಮುಂದೆ ಬಾಯಿ ಬಿಟ್ಟುಕೊಂಡೇ ಇರುತ್ತದೆ.

ಮಿಕ್ಕಿದ್ದೆಲ್ಲ ಬೆರಳ ತುದಿಯ ಕೆಲಸ. ಕೆಳತುಟಿ, ಗದ್ದ ಮರಗಟ್ಟಿದೆಯಾ ಎಂದು ಹತ್ತಿಯ ಎಳೆಯಿಂದ ಮುಟ್ಟಿ ನೋಡಿ. ಮರಗಟ್ಟಿದ್ದರೆ ಮೂಳೆಯೊಳಗಿನ ನರದ ದಾರಿಯಲ್ಲೇ ಮುರಿತವಿರುವ ಸಾಧ್ಯತೆ ಹೆಚ್ಚು. ನಾಲಿಗೆ ಎತ್ತಿಸಿ ಟಾರ್ಚು ಬಿಡಿ. ನಾಲಿಗೆಯ ಅಡಿ, ಬಾಯಿಯ ತಳದಲ್ಲಿ ನೀಲಿಗಟ್ಟಿದ್ದರೆ ಮುರಿದಿಲ್ಲ ಅಂತ ಸಿಟಿ ಸ್ಕ್ಯಾನ್ ಹೇಳುವವರೆಗೂ ಮುರಿದಿದೆ ಅಂತಲೇ ಲೆಕ್ಕ. ಇನ್ನೊಂದು ಪುಕ್ಕಟೆ ಪರೀಕ್ಷೆ: ಗಂಟಲು ನೋಡುವ ಮರದ ಕಡ್ಡಿಯನ್ನು ಒಂದು ಪಕ್ಕದ ದವಡೆ ಹಲ್ಲಿನಲ್ಲಿ ಗಟ್ಟಿಯಾಗಿ ಕಚ್ಚಿಸಿ, ನೀವು ಅದನ್ನು ತಿರುಚಿ. ಎರಡೂ ಕಡೆ ಕಡ್ಡಿ ಮುರಿಯುವವರೆಗೂ ಕಚ್ಚಿ ಹಿಡಿದರೆ ದವಡೆ ಗಟ್ಟಿಯಾಗಿರುವ ಸಂಭವ ಹೆಚ್ಚು. ನೋವಿಗೆ ಬಾಯಿ ಬಿಟ್ಟುಬಿಟ್ಟರೆ ಚಿತ್ರ ತೆಗೆಸಿ.

ಮೇಲ್ದವಡೆಗೆ: ಒಂದು ಕೈ ಹಣೆಯ ಮೇಲೆ, ಇನ್ನೊಂದು ಕೈಯಿಂದ ಮೇಲಿನ ಮುಂದಿನ ಹಲ್ಲುಗಳಿರುವ ಮೂಳೆಯನ್ನು ಹಿಡಿದು ಮೆಲ್ಲಗೆ ಅಲುಗಿಸಿ. ಹಲ್ಲಿನ ಸಾಲು ಮಾತ್ರ ಅಲುಗಿದರೆ ಒಂದು ಬಗೆ, ಮೂಗಿನ ಬುಡವೂ ಅಲುಗಿದರೆ ಇನ್ನೊಂದು, ಕೆನ್ನೆ ಸಮೇತ ಇಡೀ ಮುಖವೇ ಅಲುಗಿದರೆ ಮೂರನೆಯದು. ಫ್ರಾನ್ಸಿನ ವೈದ್ಯ ರೆನೆ ಲೆಫೋರ್ 1901ರಲ್ಲಿ ಬರೆದ ಇದೇ ಮೂರು ಬಗೆಯನ್ನು ಇವತ್ತಿಗೂ ಒಂದು, ಎರಡು, ಮೂರು ಅಂತ ಕರೆಯುತ್ತಾರೆ. ತರಬೇತಿಯಲ್ಲಿ ಹೆಸರು ಕಲಿಸಬೇಕಿಲ್ಲ, ಅಲುಗಿಸುವುದನ್ನು ಕಲಿಸಿ.

ಚಿತ್ರದ ವಿಷಯದಲ್ಲಿ ಒಂದೇ ಮಾತು, ಆದರೆ ಅದನ್ನು ಗೋಡೆಗೆ ಅಂಟಿಸಬೇಕು: ‘ಸಿಟಿ ಬ್ರೇನ್’ನಲ್ಲಿ ಕೆಳದವಡೆ ಬರುವುದಿಲ್ಲ. ತಲೆಪೆಟ್ಟಿಗೆ ಸಿಟಿ ಬರೆಯುವಾಗ ಹಲ್ಲು ಕೂಡುವ ಪ್ರಶ್ನೆಗೆ ಉತ್ತರ ಸರಿಯಿಲ್ಲದಿದ್ದರೆ ಅದೇ ಚೀಟಿಯಲ್ಲಿ ‘ಜೊತೆಗೆ ಮುಖ, ಗದ್ದದ ತುದಿಯವರೆಗೆ, ತೆಳು ಸೀಳು’ ಅಂತ ಸೇರಿಸಿ. ಇಲ್ಲದಿದ್ದರೆ ‘ಸಿಟಿ ನಾರ್ಮಲ್’ ಎಂಬ ಕಾಗದ ಹಿಡಿದುಕೊಂಡೇ ಮುರಿದ ದವಡೆ ಮನೆಗೆ ಹೋಗುತ್ತದೆ.

ಹೋದರೆ ಏನಾಗುತ್ತದೆ? ಹಲ್ಲಿರುವ ಭಾಗದಲ್ಲಿ ಕೆಳದವಡೆ ಮುರಿದರೆ ವಸಡು ಹರಿದು ಮುರಿತ ಬಾಯಿಯೊಳಕ್ಕೆ ತೆರೆದುಕೊಳ್ಳುತ್ತದೆ. ಹೊರಗೆ ಚರ್ಮ ಸರಿಯಾಗಿದ್ದರೂ ಅದು ತೆರೆದ ಮುರಿತವೇ. ಎಂಜಲು ಒಳಗೆ ಹೋಗುತ್ತಿರುತ್ತದೆ, ಕೆಲವೇ ದಿನದಲ್ಲಿ ಕೀವು. ಮೊದಲ ವಾರದೊಳಗೆ ಕೂಡಿಸಿ ಟೈಟೇನಿಯಂ ಪ್ಲೇಟು ಹಾಕುವುದು ಬಾಯಿಯ ಒಳಗಿನಿಂದಲೇ ಮುಗಿಯುವ ಕೆಲಸ, ಹೊರಗೆ ಗಾಯದ ಗುರುತೂ ಇರುವುದಿಲ್ಲ. ಎರಡು ಮೂರು ವಾರ ದಾಟಿದರೆ ಮೂಳೆ ವಕ್ರವಾಗಿ ಅಂಟಿಕೊಳ್ಳಲು ಶುರುವಾಗಿರುತ್ತದೆ; ಆಮೇಲೆ ಅದನ್ನು ಮತ್ತೆ ಬಿಡಿಸಿ ಕೂಡಿಸಬೇಕು.

ಇಷ್ಟರಲ್ಲಿ ಯಾವುದಕ್ಕೂ ಸಮಯ ಸಾಲದಿದ್ದರೆ ಇದೊಂದನ್ನು ಬಿಡಬೇಡಿ: ಗದ್ದ ಸೀಳಿಕೊಂಡು ಬರುವ ಮಗು. ಮಾಳಿಗೆಯಿಂದಲೋ ಸೈಕಲ್ಲಿನಿಂದಲೋ ಗದ್ದ ಊರಿ ಬಿದ್ದಿರುತ್ತದೆ. ಕಣ್ಣಿಗೆ ಕಾಣುವುದು ಗದ್ದದ ಅಡಿ ಎರಡು ಸೆಂಟಿಮೀಟರ್ ಗಾಯ. ನಾಲ್ಕು ಹೊಲಿಗೆ, ಒಂದು ಧನುರ್ವಾಯು ಇಂಜೆಕ್ಷನ್, ಮನೆಗೆ. ಆದರೆ ಗದ್ದಕ್ಕೆ ಬಿದ್ದ ಹೊಡೆತ ಮೂಳೆಯಗುಂಟ ಮೇಲಕ್ಕೆ ಹೋಗಿ ಕಿವಿಯ ಮುಂದಿನ ಕೀಲಿನಲ್ಲಿ ಒಡೆದುಕೊಳ್ಳುತ್ತದೆ. ಕೆಲವೊಮ್ಮೆ ಕಿವಿಯಲ್ಲಿ ಒಂದು ಹನಿ ರಕ್ತ ಕಾಣುತ್ತದೆ, ಕೆಲವೊಮ್ಮೆ ಏನೂ ಇಲ್ಲ. ನೋವಿಗೆ ಮಗು ಬಾಯಿ ತೆರೆಯುವುದಿಲ್ಲ, ಮನೆಯವರು ಗಂಜಿ ಕೊಡುತ್ತಾರೆ, ಒಳಗೆ ಸೇರಿದ ರಕ್ತ ಮೂಳೆಯಾಗುತ್ತಾ ಕೀಲು ತಲೆಬುರುಡೆಗೆ ಅಂಟುತ್ತದೆ. ಒಂದೆರಡು ವರ್ಷದಲ್ಲಿ ಬಾಯಿಗೆ ಒಂದು ಬೆರಳೂ ಹೋಗುವುದಿಲ್ಲ. ಕೆಳದವಡೆಯ ಬೆಳವಣಿಗೆ ಆ ಕೀಲನ್ನು ನೆಚ್ಚಿಕೊಂಡಿರುವುದರಿಂದ ಗದ್ದ ಹಿಂದೆ ಉಳಿದು ಮುಖ ಹಕ್ಕಿಯ ಮುಖದಂತಾಗುತ್ತದೆ, ರಾತ್ರಿ ಉಸಿರು ಕಟ್ಟುತ್ತದೆ, ಹಲ್ಲೆಲ್ಲ ಹುಳುಕು. ಇದನ್ನು ತಪ್ಪಿಸಲು ಬಹಳ ಮಕ್ಕಳಿಗೆ ಆಪರೇಷನ್ನೇ ಬೇಕಿಲ್ಲ: ಬೇಗ ಗುರುತಿಸಿ, ಸ್ವಲ್ಪ ದಿನ ಮೆತ್ತನೆ ಊಟ, ಆಮೇಲೆ ದಿನವೂ ಬಾಯಿ ತೆರೆಸುವ ವ್ಯಾಯಾಮ, ತಿಂಗಳುಗಟ್ಟಲೆ ಮರುಪರೀಕ್ಷೆ. ಗದ್ದಕ್ಕೆ ಹೊಲಿಗೆ ಹಾಕುವ ಕೈಯೇ ಎರಡೂ ಕಿವಿಯ ಮುಂದೆ ಒತ್ತಿ ನೋಡಬೇಕು. ತರಬೇತಿಯ ಒಂದೂವರೆ ಗಂಟೆಯಲ್ಲಿ ಕಾಲು ಗಂಟೆ ಇದಕ್ಕೇ ಕೊಡಿ.

ಉತ್ತರ: ಮೂರನೇಪಾಳಿ

ದವಡೆಕೀಲು ಅವರ ಮಾತೆಲ್ಲ ಒಪ್ಪಿದೆ, ಆದರೆ ಅರಿವಳಿಕೆ ಕಡೆಯಿಂದ ನೋಡಿದರೆ ಹಲ್ಲು ಕೂಡುವ ಪ್ರಶ್ನೆ ಎರಡನೆಯದು. ಮೊದಲನೆಯದು ಉಸಿರು. ಗದ್ದದ ಎರಡೂ ಪಕ್ಕ ಮುರಿದಿದ್ದರೆ ನಾಲಿಗೆಯನ್ನು ಮುಂದಕ್ಕೆ ಹಿಡಿದಿಟ್ಟಿದ್ದ ಮೂಳೆಯ ತುಂಡೇ ಸಡಿಲ. ಅಂಥವರನ್ನು ಸ್ಟ್ರೆಚರಿನಲ್ಲಿ ಅಂಗಾತ ಮಲಗಿಸಿದರೆ ನಾಲಿಗೆ ಹಿಂದಕ್ಕೆ ಬಿದ್ದು ಗಂಟಲು ಮುಚ್ಚುತ್ತದೆ. ಎಚ್ಚರವಿದ್ದು, ಎದ್ದು ಕೂರುತ್ತೇನೆ ಅಂತ ಒದ್ದಾಡುತ್ತಿದ್ದರೆ ಬಲವಂತವಾಗಿ ಒತ್ತಿ ಮಲಗಿಸಬೇಡಿ. ಅದು ಹಟ ಅಲ್ಲ, ಉಸಿರಿನ ಹುಡುಕಾಟ. ಕುತ್ತಿಗೆಗೆ ಕಾಲರ್ ಹಾಕಿ, ಮುಂದಕ್ಕೆ ಬಾಗಿ ಕೂರಲು ಬಿಡಿ. ರಕ್ತ, ಜೊಲ್ಲು ಹೊರಗೆ ಸುರಿಯಲಿ. ಪ್ರಜ್ಞೆ ಇಲ್ಲದವರಿಗೆ ದವಡೆಯ ಮೂಲೆ ಹಿಡಿದು ಮುಂದಕ್ಕೆ ತಳ್ಳಿ; ಮೂಳೆ ಸಡಿಲವಿದ್ದು ಅದು ಕೆಲಸ ಮಾಡದಿದ್ದರೆ ಗಾಜ್ ಬಟ್ಟೆಯಲ್ಲಿ ನಾಲಿಗೆಯನ್ನೇ ಹಿಡಿದು ಮುಂದಕ್ಕೆ ಎಳೆದುಕೊಳ್ಳಿ. ಬಾಯಲ್ಲಿ ಬೆರಳಾಡಿಸಿ ಮುರಿದ ಹಲ್ಲು, ಕಟ್ಟುಹಲ್ಲಿನ ಸೆಟ್ಟು ತೆಗೆಯಿರಿ. ಲೆಕ್ಕಕ್ಕೆ ಸಿಗದ ಹಲ್ಲು ಇದ್ದರೆ ಎದೆಯ ಎಕ್ಸ್‌ರೇ ತೆಗೆಸಿ, ಶ್ವಾಸಕೋಶಕ್ಕೆ ಇಳಿದಿರಬಹುದು.

ಮುಖದ ನಡುಭಾಗ ಜಜ್ಜಿದ್ದು ಮೂಗಿನಿಂದ ತೆಳ್ಳನೆ ನೀರು ಬರುತ್ತಿದ್ದರೆ ಮೂಗಿನೊಳಗೆ ಯಾವ ನಳಿಗೆಯನ್ನೂ ಕುರುಡಾಗಿ ತೂರಿಸಬೇಡಿ. ತಲೆಬುರುಡೆಯ ತಳ ಒಡೆದಿದ್ದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಮೂಗು ಸೀನಬೇಡಿ ಅಂತ ರೋಗಿಗೂ ಹೇಳಿ.

ಕಣ್ಣು. ಕೆನ್ನೆ ಊದಿ ಕಣ್ಣು ಮುಚ್ಚಿಹೋಗುವ ಮುಂಚೆ, ರೆಪ್ಪೆ ಎತ್ತಿ, ಬೆರಳು ಎಷ್ಟು ಅಂತ ಕೇಳಿ ಬರೆದಿಡಿ. ಕಣ್ಣು ಮುಂದಕ್ಕೆ ಉಬ್ಬಿ, ಕಲ್ಲಿನಂತೆ ಬಿಗಿದು, ದೃಷ್ಟಿ ಮಂಜಾಗುತ್ತಿದ್ದರೆ ಕಣ್ಣಿನ ಹಿಂದೆ ರಕ್ತ ಕಟ್ಟಿದೆ. ಒಂದೆರಡು ಗಂಟೆ ಕಳೆದರೆ ದೃಷ್ಟಿ ಹಿಂತಿರುಗುವುದಿಲ್ಲ. ಮಕ್ಕಳಲ್ಲಿ ಇನ್ನೊಂದು ಮೋಸ: ಕಣ್ಣು ಬೆಳ್ಳಗೆ, ಊತವೇ ಇಲ್ಲ, ಆದರೆ ಮೇಲಕ್ಕೆ ನೋಡಲಾಗದು, ನೋಡಲು ಹೋದರೆ ವಾಂತಿ, ನಾಡಿ ನಿಧಾನ. ತಲೆಪೆಟ್ಟು ಅಂತ ವಾರ್ಡಿನಲ್ಲಿ ಇಟ್ಟುಕೊಂಡು ಕೂರುತ್ತಾರೆ. ಕಣ್ಣುಗುಳಿಯ ತಳ ಬಾಗಿಲಿನಂತೆ ತೆರೆದು ಮುಚ್ಚಿ, ಕಣ್ಣಿನ ಸ್ನಾಯು ಸಿಕ್ಕಿಹಾಕಿಕೊಂಡಿರುತ್ತದೆ. ಅದಕ್ಕೆ ಒಂದೆರಡು ದಿನದೊಳಗೇ ಆಪರೇಷನ್ ಆಗಬೇಕು.

ಇನ್ನು ಪೆಟ್ಟೇ ಇಲ್ಲದೆ ಜೀವ ತೆಗೆಯುವುದು: ಹುಳುಕು ಹಲ್ಲಿನ ಬಾವು. ಕೆಳಗಿನ ಕೊನೆಯ ಎರಡು ದವಡೆ ಹಲ್ಲುಗಳ ಬೇರು ಬಾಯಿಯ ತಳದ ಸ್ನಾಯುವಿಗಿಂತ ಕೆಳಗೆ ಇಳಿದಿರುತ್ತದೆ. ಹಾಗಾಗಿ ಅಲ್ಲಿನ ಕೀವು ಬಾಯಿಗೆ ಒಡೆಯದೆ ಕುತ್ತಿಗೆಗೆ ಇಳಿಯುತ್ತದೆ. ಗದ್ದದ ಅಡಿ ಎರಡೂ ಕಡೆ ಹಲಗೆಯಂತೆ ಗಟ್ಟಿ, ನಾಲಿಗೆ ಮೇಲಕ್ಕೆ ಎದ್ದಿರುತ್ತದೆ, ಜೊಲ್ಲು ನುಂಗಲಾಗದು, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡಂತೆ ಮಾತು, ಮಲಗಿದರೆ ಉಸಿರು ಕಟ್ಟುತ್ತದೆ. ಇದು ಲುಡ್ವಿಗ್ಸ್ ಆಂಜೈನಾ. ಹೆಸರಿನಲ್ಲಿ ಆಂಜೈನಾ ಇದ್ದರೂ ಎದೆನೋವಿಗೆ ಸಂಬಂಧವಿಲ್ಲ. ಸಕ್ಕರೆ ಕಾಯಿಲೆ ಇದ್ದರೆ ಬಾವು ಇನ್ನೂ ಬೇಗ ಹರಡುತ್ತದೆ. ಮೆಡಿಕಲ್ ಶಾಪಿನಿಂದ ಮೂರು ದಿನದ ಮಾತ್ರೆ, ಮೇಲೆ ಬಿಸಿ ಶಾಖ, ಈ ಎರಡರಲ್ಲೇ ಅಮೂಲ್ಯ ಸಮಯ ಹೋಗಿರುತ್ತದೆ. ಇಂಥವರನ್ನು ಕೂರಿಸಿಕೊಂಡೇ ಸಾಗಿಸಿ, ಸಿಟಿಗೆ ಅಂತ ಮಲಗಿಸಬೇಡಿ, ನಿದ್ದೆ ಬರಿಸುವ ಇಂಜೆಕ್ಷನ್ ಕೊಡಬೇಡಿ. ರಕ್ತನಾಳದ ಮೂಲಕ ಆಂಟಿಬಯೋಟಿಕ್ ಶುರು ಮಾಡಿ, ಹೋಗುವ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ‘ಉಸಿರಿನ ದಾರಿ ಕಷ್ಟ, ಕುತ್ತಿಗೆಯಲ್ಲಿ ರಂಧ್ರ ಮಾಡಬೇಕಾಗಬಹುದು’ ಅಂತ ಬಾಯಿಬಿಟ್ಟು ಹೇಳಿ. ಬಾವು ಕೊಯ್ದು ಬಿಟ್ಟರೂ ಸಾಲದು, ಮೂಲವಾದ ಹಲ್ಲೂ ಹೋಗಬೇಕು. ಅದಕ್ಕೇ ಹಲ್ಲು ಮತ್ತು ಕುತ್ತಿಗೆ ಎರಡನ್ನೂ ಮುಟ್ಟುವ ತಂಡ ಇರುವ ಕಡೆಗೇ ಕಳಿಸಬೇಕು.

ಉತ್ತರ: ಧಾರವಾಡ_ಪೇಡೆ

ಊರಾಗ ಕ್ಲಿನಿಕ್ ಇಟ್ಟ ಹಲ್ಲಿನ ಡಾಕ್ಟರ ಸಲುವಾಗಿ ಎರಡು ಮಾತ ಸೇರಸ್ತೀನ್ರಿ.

ಬುಡಸಮೇತ ಕಿತ್ತು ಬಿದ್ದ ಹಲ್ಲು. ಕ್ಯಾಶುವಾಲ್ಟಿಗೆ ಬರೂದ್ರಾಗ ಒಂದೋ ಅರಿವ್ಯಾಗ ಸುತ್ತಿ ಒಣಗಿರತೈತಿ, ಇಲ್ಲಾ ನೀರಿನ ಗ್ಲಾಸಿನ್ಯಾಗ ಇರತೈತಿ. ಎರಡೂ ತಪ್ಪು. ಬೇರಿನ ಮ್ಯಾಲಿನ ಜೀವಕೋಶ ಒಣಗಿದ್ರೂ ಸಾಯ್ತಾವ, ನೀರಿನ್ಯಾಗ ಉಬ್ಬಿ ಒಡದೂ ಸಾಯ್ತಾವ. ಬೇರು ಮುಟ್ಟದಂಗ ಬಿಳೇ ತುದಿ ಹಿಡದು ಎತ್ತಬೇಕು, ಮಣ್ಣಿದ್ರ ಹತ್ತು ಸೆಕೆಂಡ್ ತಣ್ಣೀರಾಗ ಹಿಡೀಬೇಕು, ತಿಕ್ಕಬಾರದು, ಅಲ್ಲೇ ಅದರ ಗೂಡಿಗೆ ಕೂಡಿಸಿ ಕರವಸ್ತ್ರ ಕಚ್ಚಿಸಬೇಕು. ಧೈರ್ಯ ಸಾಲದಿದ್ರ ತಣ್ಣನ್ನ ಹಾಲಿನ್ಯಾಗ ಹಾಕಿ ತರಬೇಕು. ಅರ್ಧ ತಾಸಿನ್ಯಾಗ ಕೂಡಿಸಿದ್ರ ಛಲೋ, ಒಣಗಿ ಒಂದು ತಾಸು ದಾಟಿದ್ರ ಆ ಹಲ್ಲಿನ ಆಯುಷ್ಯ ಕಡಿಮಿ. ಆಮ್ಯಾಲೆ ಸ್ವಲ್ಪ ಅಳ್ಳಾಡೂವಂಥ ತೆಳ್ಳನ ತಂತಿ ಕಟ್ಟು ಎರಡು ವಾರ. ಹಾಲುಹಲ್ಲು ಬಿದ್ರ ಮಾತ್ರ ತಿರುಗಿ ಕೂಡಿಸಬ್ಯಾಡ್ರಿ, ಕೆಳಗ ಕುಂತ ಹೊಸ ಹಲ್ಲಿಗೆ ಪೆಟ್ಟು. ಶಾಲಿ ಮಾಸ್ತರಿಗೂ ಇದನ್ನ ಹೇಳಬೇಕು, ಬೀಳೂದು ಅಲ್ಲೇ.

ಎರಡನೇದು ಬಾಯಾಗಿನ, ವಾಸಿ ಆಗದ ಹುಣ್ಣು. ಎರಡರಿಂದ ಮೂರು ವಾರ ದಾಟಿದ ಹುಣ್ಣಿಗೆ ಜೆಲ್ ಬದಲಿ ಮಾಡಕೋತ ಕೂಡೂದಲ್ಲ. ಚೂಪು ಹಲ್ಲಿದ್ರ ನುಣುಪು ಮಾಡ್ರಿ, ಎರಡು ವಾರಕ್ಕ ತಿರುಗಿ ನೋಡ್ರಿ, ಮಾಯದಿದ್ರ ಕ್ಯಾನ್ಸರ್ ಪರೀಕ್ಷೆಗೆ ತುಣುಕು ತಗೀಬೇಕು. ತಗಿಯೂ ಜಾಗಾನೂ ಮುಖ್ಯ ಐತ್ರಿ: ನಟ್ಟನಡುವಿನ ಸತ್ತ ಮಾಂಸ ಅಲ್ಲ, ಅಂಚು, ಜೊತಿಗೆ ಒಂಚೂರು ಚಲೋ ಭಾಗ. ಹಾಕೂದು ಶೇಕಡಾ 10ರ ಫಾರ್ಮಲಿನ್‌ದಾಗ, ತುಣುಕಿನ ಹತ್ತು ಪಟ್ಟು. ಸಲೈನ್‌ದಾಗ ಹಾಕಿ ಕಳಿಸಿದ್ರ ಕೊಳೀತೈತಿ, ಸ್ಪಿರಿಟ್‌ದಾಗ ಹಾಕಿದ್ರ ಕುಗ್ಗಿ ಗುರುತ ಸಿಗೂದಿಲ್ಲ. ಹುಣ್ಣಿನ ಪಕ್ಕದ ಹಲ್ಲು ಅಳ್ಳಾಡತೈತಿ ಅಂತ ಕೀಳಬ್ಯಾಡ್ರಿ. ಅದು ಗಡ್ಡಿ ಮೂಳಿಯೊಳಗ ಇಳದಿರೂ ಲಕ್ಷಣ ಇರಬಹುದು. ಕಿತ್ತಿದ್ರ ಆ ಗೂಡೇ ಅದಕ್ಕ ಬಾಗಿಲಾಗತೈತಿ.

ಮೂರು ಬೆರಳಿನ ಪರೀಕ್ಷೆ ಅಡಿಕಿ, ಗುಟ್ಕಾ ಹಾಕೋರಿಗೂ ಬೇಕು. ಖಾರ ತಿಂದ್ರ ಉರಿ, ಗಲ್ಲ ಒಳಗ ಬೆಳ್ಳಗಾಗಿ ಹಗ್ಗದಂಗ ಬಿಗಿ, ಬರಬರತ ಎರಡು ಬೆರಳು, ಒಂದು ಬೆರಳು. ರಾಜ್ಯದಾಗ ಗುಟ್ಕಾ 2013ರಾಗ ನಿಷೇಧ ಆತು, ಆದ್ರ ಪಾನ್ ಮಸಾಲಾ ಒಂದ ಚೀಟಿ, ತಂಬಾಕು ಇನ್ನೊಂದ ಚೀಟಿ ಅಂತ ಬ್ಯಾರೆ ಬ್ಯಾರೆ ಮಾರತಾರ. ತಂಬಾಕು ಇಲ್ಲದ ಬರೀ ಅಡಿಕಿನೂ ಕ್ಯಾನ್ಸರ್ ತರತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನ ಮೊದಲನೇ ಗುಂಪಿಗೆ ಹಾಕೇತಿ. ಅಡಿಕಿ ಬೆಳೆಯೂ ಸೀಮ್ಯಾಗ ಇದನ್ನ ಹೇಳೂದು ತ್ರಾಸಿನ ಕೆಲಸ, ಖರೆ. ಆದ್ರ ಹೇಳಲಿಕ್ಕೇ ಬೇಕು.

ಉತ್ತರ: ಮೂಗುದಾರ

ಇಎನ್‌ಟಿ ಕಡೆಯಿಂದ ಸಣ್ಣ ತಕರಾರು. ಮುಖದ ಪೆಟ್ಟೆಲ್ಲವೂ ಒಂದೇ ವಿಭಾಗಕ್ಕೆ ಅಂತ ತರಬೇತಿಯಲ್ಲಿ ಹೇಳಬೇಡಿ. ಮೂಗಿನ ಮೂಳೆ ಮಾತ್ರ ಮುರಿದಿದ್ದರೆ, ಹಲ್ಲು ಸರಿಯಾಗಿ ಕೂಡುತ್ತಿದ್ದರೆ, ಇಎನ್‌ಟಿ ಸಾಕು. ಅಲ್ಲೂ ಒಂದು ತುರ್ತು ಇದೆ: ಮೂಗಿನ ನಡುಗೋಡೆಯ ಇಕ್ಕೆಲದಲ್ಲೂ ಮೆತ್ತಗೆ, ಕೆಂಪಗೆ ಉಬ್ಬಿದ್ದರೆ ಅದು ರಕ್ತ ಕಟ್ಟಿದ್ದು. ಅವತ್ತೇ ಕೊಯ್ದು ಬಿಡಬೇಕು, ಇಲ್ಲದಿದ್ದರೆ ಕೆಲವೇ ದಿನದಲ್ಲಿ ಒಳಗಿನ ಮೃದುಮೂಳೆ ಕರಗಿ ಮೂಗು ಜೀನಿನಂತೆ ಕುಸಿಯುತ್ತದೆ. ಕಿವಿಗೆ ಹತ್ತಿರದ ಕೆನ್ನೆ ಗಾಯದಲ್ಲಿ ಮುಖದ ನರ ತುಂಡಾಗಿದೆಯಾ ಅಂತ, ಅರಿವಳಿಕೆ ಚುಚ್ಚುವ ಮುಂಚೆ, ಹುಬ್ಬೇರಿಸಿ, ಕಣ್ಣು ಬಿಗಿದು ಮುಚ್ಚಿ, ಹಲ್ಲು ಕಿರಿಯಲು ಹೇಳಿ. ಚುಚ್ಚಿದ ಮೇಲೆ ನೋಡಿದರೆ ಎಲ್ಲವೂ ನಿಶ್ಚಲವೇ.

ಉತ್ತರ: ದವಡೆಕೀಲು

ತಕರಾರು ಸರಿಯೇ. ಗಡಿಯನ್ನು ಹೀಗೆ ಹೇಳಿದರೆ ಜಗಳವಿಲ್ಲ: ಹಲ್ಲಿನ ಕೂಡಿಕೆ ತಪ್ಪಿದೆ ಅಥವಾ ಬಾಯಿ ತೆರೆಯುತ್ತಿಲ್ಲ ಎಂದರೆ ಮ್ಯಾಕ್ಸಿಲೋಫೇಶಿಯಲ್. ಬರೀ ಮೂಗು ಎಂದರೆ ಇಎನ್‌ಟಿ. ಚರ್ಮವೇ ಹೋಗಿದ್ದರೆ ಪ್ಲಾಸ್ಟಿಕ್. ದೃಷ್ಟಿಗೆ ಅಪಾಯವಿದ್ದರೆ ಮೊದಲು ಕಣ್ಣು. ಮೂಳೆ ಡಾಕ್ಟರಿಗೆ ಕೈಕಾಲೇ ಬೇಕಾದಷ್ಟು ಇರುತ್ತದೆ. ಇಡೀ ಮುಖ ಚೂರಾಗಿದ್ದರೆ ಎಲ್ಲರೂ ಒಂದೇ ಟೇಬಲ್ಲಿನ ಸುತ್ತ. ಮೊದಲ ಮಹಾಯುದ್ಧದ ಕಾಲದಲ್ಲಿ ಮುಖ ಛಿದ್ರವಾದ ಸೈನಿಕರನ್ನು ಇಎನ್‌ಟಿಯ ಹೆರಾಲ್ಡ್ ಗಿಲೀಸ್, ದಂತವೈದ್ಯ ವಲಾಡಿಯೇ ಅಂಥವರು ಒಟ್ಟಿಗೆ ನೋಡಿಕೊಂಡಿದ್ದರಿಂದಲೇ ಈ ವಿದ್ಯೆ ಇಷ್ಟು ಬೆಳೆದದ್ದು.

ಎಲ್ಲಿಗೆ ಕಳಿಸಬೇಕು ಅನ್ನುವುದಕ್ಕೆ ಸುಲಭದ ಸೂತ್ರ: ದಂತ ಕಾಲೇಜು ಇರುವ ಊರಿನಲ್ಲಿ ಈ ವಿಭಾಗ ಇದ್ದೇ ಇರುತ್ತದೆ. ಬೆಂಗಳೂರಿನಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ಕಾಲೇಜು ಇದೆ, ಬಳ್ಳಾರಿಯಲ್ಲಿ ಇನ್ನೊಂದು. ಧಾರವಾಡ, ಬೆಳಗಾವಿ, ದಾವಣಗೆರೆ, ಮೈಸೂರು, ಮಂಗಳೂರು, ಮಣಿಪಾಲದಲ್ಲಿ ಖಾಸಗಿಯವು. ಆದರೆ ರಾತ್ರಿ ಹೊತ್ತು ಐಸಿಯು, ಅರಿವಳಿಕೆ ಡಾಕ್ಟರು ಇರುತ್ತಾರಾ ಅಂತ ತರಬೇತಿಗೆ ಮುಂಚೆಯೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಕಾಲೇಜಿನ ಒಪಿಡಿ ಸಂಜೆಗೆ ಮುಚ್ಚುತ್ತದೆ, ಅಪಘಾತ ಸಂಜೆಯ ಮೇಲೆಯೇ ಹೆಚ್ಚು.

ಉತ್ತರ: ಕೌಂಟರ್_ನಂ_4

ಕಾಗದದ ಕಡೆಯದು ಹೇಳುತ್ತೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜು ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ಅದಿಲ್ಲದೆ ಖಾಸಗಿಗೆ ನೇರ ಹೋದರೆ ಕೌಂಟರಿನಲ್ಲೇ ವಾಪಸ್. ಹಾಗಾಗಿ ಕಳಿಸುವ ಡಾಕ್ಟರು ಚೀಟಿ ಕೊಟ್ಟೇ ಕಳಿಸಬೇಕು.

ರಸ್ತೆ ಅಪಘಾತಕ್ಕೆ ಕೇಂದ್ರದ 2025ರ ನಗದುರಹಿತ ಯೋಜನೆ ಇದೆ: ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ 1.5 ಲಕ್ಷದವರೆಗೆ, ಅಪಘಾತವಾದ ದಿನದಿಂದ 7 ದಿನ. ಮೇಲೆ ಹೇಳಿದ ಮೊದಲ ವಾರದ ಮಾತನ್ನು ಇದರ ಜೊತೆ ಇಟ್ಟು ನೋಡಿ. ಊತ ಇಳಿಯಲಿ ಅಂತ ಹತ್ತು ದಿನ ಮನೆಯಲ್ಲಿ ಕೂತವರಿಗೆ ಮೂಳೆಯೂ ತಪ್ಪುತ್ತದೆ, ದುಡ್ಡೂ ತಪ್ಪುತ್ತದೆ. ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣದ ವೈದ್ಯಕೀಯ ದಾಖಲೆ, ಮೊದಲ ಆಸ್ಪತ್ರೆಯಲ್ಲೇ ಆಗಿರಲಿ.

ಖಾಸಗಿ ವಿಮೆಯಲ್ಲಿ ಮುಗ್ಗರಿಸುವುದು ‘ಡೆಂಟಲ್’ ಅನ್ನುವ ಪದದ ಮೇಲೆ. ಬಹಳಷ್ಟು ಪಾಲಿಸಿಗಳು ಹಲ್ಲಿನ ಚಿಕಿತ್ಸೆ ಕೊಡುವುದಿಲ್ಲ, ಅಪಘಾತದಿಂದ ಆದದ್ದಕ್ಕೆ ಮಾತ್ರ ವಿನಾಯಿತಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮೇಲೆ ‘ದಂತ ವಿಭಾಗ’ ಅಂತ ಇದ್ದು, ಕೆಳಗೆ ‘ದವಡೆ ಚಿಕಿತ್ಸೆ’ ಅಂತ ಮಾತ್ರ ಬರೆದಿದ್ದರೆ ತಿರಸ್ಕಾರ. ರಸ್ತೆ ಅಪಘಾತ, ದಿನಾಂಕ, ಮುರಿದ ಮೂಳೆಯ ಹೆಸರು, ಪೂರ್ಣ ಅರಿವಳಿಕೆ, ಎಷ್ಟು ಪ್ಲೇಟು ಎಷ್ಟು ಸ್ಕ್ರೂ, ಎಂಎಲ್‌ಸಿ ಸಂಖ್ಯೆ, ಇಷ್ಟೂ ಇರಲಿ. ಸುಳ್ಳು ಬರೆಯುವುದಲ್ಲ, ಇದ್ದದ್ದನ್ನು ಪೂರ್ತಿ ಬರೆಯುವುದು.

ಸೀಳುತುಟಿ, ಸೀಳು ಅಂಗುಳದ ಮಕ್ಕಳಿಗೆ ದಾರಿ ಬೇರೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಅದಿದೆ, ಅಂಗನವಾಡಿಗೆ ಬರುವ ತಂಡವೇ ದಾಖಲಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುತ್ತದೆ.

ತರಬೇತಿ_ಟಿಪ್ಪಣಿ

ಎಲ್ಲರಿಗೂ ಧನ್ಯವಾದ. ಪಟ್ಟಿಯ ಸ್ಲೈಡು ತೆಗೆದುಹಾಕಿದೆ. ಇನ್ನೆರಡು ಪ್ರಶ್ನೆ. ಮುರಿದ ದವಡೆ ಕೂಡಲೆಂದು ಹಲ್ಲಿಗೆ ತಂತಿ ಕಟ್ಟಿ ಬಾಯಿ ಮುಚ್ಚಿಸಿದವರು ಊರಿಗೆ ಮರಳಿದಾಗ ನಮ್ಮ ನರ್ಸ್‌ಗಳು ಏನು ನೋಡಬೇಕು? ಸೀಳುತುಟಿ ಮಗು ಹುಟ್ಟಿದ ದಿನ ಹೆರಿಗೆ ವಾರ್ಡಿನಲ್ಲಿ ಏನು ಹೇಳಬೇಕು?

ಉತ್ತರ: ದವಡೆಕೀಲು

ಮಗುವಿನದು ಮೊದಲು. ಗ್ರಹಣ ನೋಡಿದ್ದಕ್ಕೆ, ಗ್ರಹಣದಲ್ಲಿ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಅಂತ ಬಾಣಂತಿಯನ್ನು ಅನ್ನುತ್ತಿರುತ್ತಾರೆ. ತುಟಿ ಕೂಡಿಕೊಳ್ಳುವುದು ಗರ್ಭದ ಎರಡನೇ ತಿಂಗಳಿನಲ್ಲಿ, ಎಷ್ಟೋ ಸಲ ಬಸಿರು ಗೊತ್ತಾಗುವ ಮುಂಚೆ. ಇದನ್ನು ಅತ್ತೆಯ ಎದುರಿಗೇ ಹೇಳಿ. ಮಲಗಿಸಿ ಹಾಲು ಕೊಟ್ಟರೆ ಮೂಗಿಗೆ ಬರುತ್ತದೆ, ಕಿವಿಗೂ ಸೋಂಕು. ತಲೆ ಎತ್ತಿ ಹಿಡಿದು ಒಳಲೆಯಲ್ಲಿ ಕೆನ್ನೆಯ ಒಳಪಕ್ಕಕ್ಕೆ ಸ್ವಲ್ಪಸ್ವಲ್ಪ ಬಿಡಲಿ, ನಡುನಡುವೆ ತೇಗಿಸಲಿ, ಪ್ರತಿ ವಾರ ತೂಕ ನೋಡಲಿ. ತುಟಿಗೆ ಸುಮಾರು ಮೂರು ತಿಂಗಳಿಗೆ ಆಪರೇಷನ್. ಹತ್ತು ವಾರ, ನಾಲ್ಕೂವರೆ ಕಿಲೋ, ಹಿಮೋಗ್ಲೋಬಿನ್ 10 ಅನ್ನುವುದು ಹಳೆಯ ಲೆಕ್ಕ, ಈಗಲೂ ಉಪಯೋಗಕ್ಕೆ ಬರುತ್ತದೆ. ಅಂಗುಳಕ್ಕೆ 9ರಿಂದ 18 ತಿಂಗಳ ನಡುವೆ. ತುಟಿ ಚೆಂದವಾಯಿತು ಅಂತ ಎಷ್ಟೋ ಮನೆಯವರು ಅಂಗುಳಕ್ಕೆ ವಾಪಸ್ ಬರುವುದೇ ಇಲ್ಲ, ಮಾತು ಮೂಗಿನಲ್ಲೇ ಉಳಿದುಬಿಡುತ್ತದೆ. ಅಂಗುಳದ ಆಪರೇಷನ್ನಿನ ತಾರೀಕನ್ನು ತಾಯಿ ಕಾರ್ಡಿನಲ್ಲಿ ಬರೆದೇ ಕಳಿಸಿ.

ತಂತಿ ಕಟ್ಟಿದವರು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಊಟವೆಲ್ಲ ದ್ರವ: ರಾಗಿ ಅಂಬಲಿ, ಬೇಳೆಕಟ್ಟು, ಮಜ್ಜಿಗೆ, ಮೊಟ್ಟೆ ಕಲಸಿದ ಹಾಲು, ಮಿಕ್ಸಿಗೆ ಹಾಕಿ ಸೋಸಿದ್ದು. ಸೋಸದಿದ್ದರೆ ತಂತಿಯ ಸಂದಿಯಲ್ಲಿ ನಾರು ಸಿಕ್ಕಿ ನಾರುತ್ತದೆ. ಕೊನೆಯ ದವಡೆ ಹಲ್ಲಿನ ಹಿಂದೆ ಸಂದಿ ಇದೆ, ಅಲ್ಲಿಗೆ ಸಿರಿಂಜಿನಿಂದ ಬಿಡಬಹುದು. ದಿನಕ್ಕೆ ಮೂರು ಊಟ ಸಾಲದು, ಆರೇಳು ಸಲ ಬೇಕು. ಆದರೂ ಕೆಲವು ಕಿಲೋ ಇಳಿಯುತ್ತದೆ. ಪ್ರತಿ ಸಲ ಉಪ್ಪುನೀರು, ಮಕ್ಕಳ ಮೃದು ಬ್ರಷ್ಷು. ತಂತಿಯ ತುದಿ ತುಟಿಗೆ ಚುಚ್ಚಿದರೆ ಮೇಣ ಒತ್ತಿ. ಕುಡಿತವಂತೂ ಬೇಡವೇ ಬೇಡ, ಕಾರಣ ವಾಂತಿ.

ವಾಂತಿ ಬಂದರೆ ಮುಂದಕ್ಕೆ ಬಾಗಿಸಿ, ಕೆನ್ನೆಗಳನ್ನು ಹೊರಕ್ಕೆ ಎಳೆಯಿರಿ. ದ್ರವವಾದ್ದರಿಂದ ಹಲ್ಲಿನ ಸಂದಿಯಿಂದ ಹೊರಬರುತ್ತದೆ. ಬಾರದೆ ಉಸಿರು ಕಟ್ಟಿದರೆ ಕತ್ತರಿಸಬೇಕು. ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಕೂಡಿಸುವ ನೆಟ್ಟಗಿನ ತಂತಿಗಳನ್ನು ಮಾತ್ರ. ಹಲ್ಲಿನ ಸಾಲಿಗೆ ಅಡ್ಡ ಹಾಕಿದ ಪಟ್ಟಿಯನ್ನಲ್ಲ. ಡಿಸ್ಚಾರ್ಜ್ ದಿನ ಕನ್ನಡಿ ಹಿಡಿಸಿ, ಯಾವ ತಂತಿ ಅಂತ ಮನೆಯವರಿಂದಲೇ ಬೆರಳಿಟ್ಟು ತೋರಿಸಿಕೊಳ್ಳಿ. ಕತ್ತರಿ ಅಂದರೆ ಬಟ್ಟೆಯ ಕತ್ತರಿ ಅಲ್ಲ, ತಂತಿ ಕತ್ತರಿಸುವ ಕಟರ್. ಅದು ಬೀರುವಿನಲ್ಲಿ ಇರಬಾರದು, ಮಲಗುವ ಮಂಚಕ್ಕೆ ದಾರದಲ್ಲಿ ಕಟ್ಟಿರಬೇಕು. 108ರಲ್ಲಿ ಸಾಗಿಸುವಾಗ ಅದೂ ಜೊತೆಗೆ ಹೋಗಬೇಕು.